ನೀರು ಏರಲೆಂದು ಕಾದವರು

ಗಾಣಗಾಪುರದ ಸಂಗಮದಲ್ಲಿ ನಾನು ಜಳಕ ಮುಗಿಸಿ ಮೇಲೆ ಬಂದರೂ ನೀರಿಗಿಳಿಯುವಾಗ ಕಂಡಿದ್ದ ಹಿರಿಯರೊಬ್ಬರು ಮೆಟ್ಟಿಲ ಮೇಲೆ ಕೂತೇ ಇದ್ದರು. ಬಟ್ಟೆಯ ಚೀಲವನ್ನು ಹತ್ತು ಮೆಟ್ಟಿಲು ಮೇಲೆ ಇಟ್ಟಿದ್ದರು.

"ಯಾಕ್ರಿ ಅಜ್ಜಾರ, ಜಳಕ ಮಾಡಂಗಿಲ್ಲೇನ್ರಿ?" ಎಂದೆ.

"ನೀರು ಏರ್ಲಿ ಅಂತ ಕಾಯ್ತಿದ್ದೇನೆ ತಂಗಿ."

ಮೇ ತಿಂಗಳ ಕೊನೆ. ಮಳೆ ಬರುವ ತನಕ ನಮ್ಮ ಭೀಮಾ ಏರುವುದಿಲ್ಲ ಎಂದಾಗ ನಾಚಿ ನಕ್ಕರು. ತಾವು ಹೊನ್ನಾವರದ ಮೀನುಗಾರ ಎಂದರು. ದಿನಕ್ಕೆರಡು ಸಲ ಏರಿ ಇಳಿಯುವ ಕಡಲ ನೀರಿನ ಪಕ್ಕದಲ್ಲೇ ಬದುಕಿದವರು; ಚೀಲವನ್ನು ಅಷ್ಟು ಮೇಲೆ ಇಟ್ಟಿದ್ದೂ ಆ ರೂಢಿಯಿಂದಲೇ. ಕಣ್ಣು ಮಂಜಾಗಿ ಈ ವರ್ಷ ದೋಣಿ ಹತ್ತಿರಲಿಲ್ಲ. ಈಗ ಅಲ್ಲಿ ಪಡುಗಾಳಿ ಬಲಿತಿರುತ್ತದೆ, ನೀರಿನ ಬಣ್ಣ ತಿರುಗಿರುತ್ತದೆ, ಇನ್ನು ನಾಲ್ಕೇ ದಿನ ಬಂಗುಡೆ ಹಿಡಿದು ಮಳೆಗಾಲಕ್ಕೆ ದೋಣಿಗಳನ್ನೆಲ್ಲ ದಡಕ್ಕೆ ಎಳೆಯುತ್ತಾರೆ ಎಂದು ಹೇಳುತ್ತಲೇ ಹೋದರು. ಬೇರೆಯವರು ಕಡಲಿಗಿಳಿಯುವುದನ್ನು ದಡದಲ್ಲಿ ನಿಂತು ನೋಡಲಾಗದೆ ಇಷ್ಟು ದೂರ ಬಂದಿದ್ದರು.

ಕೊನೆಗೆ ಮೊಣಕಾಲುದ್ದದ ನೀರಿನಲ್ಲೇ ಕೂತು ಮುಳುಗಿ ಎದ್ದರು. ತುಟಿ ನೆಕ್ಕಿಕೊಂಡು, "ಉಪ್ಪೇ ಇಲ್ಲ" ಎಂದರು. ಈ ಸಲ ನಗಲಿಲ್ಲ.

ನಾನು ಅಫಜಲಪುರದವಳು, ಕಡಲು ಕಂಡವಳೇ ಅಲ್ಲ. ಆದರೂ ಈಗ ಸಂಗಮಕ್ಕೆ ಹೋದಾಗಲೆಲ್ಲ ನನ್ನ ಚೀಲವನ್ನು ಹತ್ತು ಮೆಟ್ಟಿಲು ಮೇಲೆಯೇ ಇಟ್ಟು ಬರುತ್ತೇನೆ.