ಟೇಲರ ನಾಯಿಯನ್ನು ಬೀಗರಿಗೆ ಕೊಟ್ಟದ್ದು

ನಮ್ಮ ನಾಯಿಗೆ ಓಣಿಯಲ್ಲಿ ಟೇಲರ ನಾಯಿ ಅಂತ ಹೆಸರು ಬಿದ್ದದ್ದು ನಮ್ಮ ಆಯಿಯಿಂದ, ಅಂದರೆ ಅಪ್ಪನ ತಾಯಿಯಿಂದ. ನರಗುಂದದಲ್ಲಿ ರಸ್ತೆ ಕೆಲಸ ನೋಡಿಕೊಳ್ಳುತ್ತಿದ್ದ, ಅಪ್ಪನ ಪರಿಚಯದ ಓವರ್‌ಸಿಯರ್ ಒಬ್ಬರಿಗೆ ಪುಣೆಯ ಕಡೆ ವರ್ಗವಾಯಿತು. ನಾವು ಆಗಿನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ಹೊರಡುವಾಗ ಅವರು ತಮ್ಮ ನಾಯಿಮರಿಯನ್ನು ಅಪ್ಪನ ಕೈಗಿತ್ತು, ಇದು ಟೆರಿಯರ್, ಜೋಪಾನ ಅಂದಿದ್ದರಂತೆ. ಅಪ್ಪ ರೋಣದಲ್ಲಿ ಸಾಲಿ ಮಾಸ್ತರ. ಆ ಶಬ್ದವನ್ನು ಮನೆಯ ತನಕ ನೆಟ್ಟಗೇ ತಂದಿದ್ದ. ಆಯಿಯ ಕಿವಿಯೊಳಗೆ ಹೋಗಿ ಅದು ಟೇಲರ್ ಆಯಿತು.

"ಟೇಲರ? ಅಂಗಿ ಹೊಲೀತೈತೇನು ಇದು?" ಎಂದು ಆಯಿ ಕೇಳಿದ್ದೇ ಸಾಕಾಯಿತು. ಒಮ್ಮೆ ನಾಯಿ ದಾರಿ ತಪ್ಪಿದಾಗ ಯಾರೋ ಪುಣ್ಯಾತ್ಮರು ಅದನ್ನು ಬಜಾರಿನಲ್ಲಿದ್ದ ಟೇಲರನ ಅಂಗಡಿಗೇ ಮುಟ್ಟಿಸಿ ಬಂದಿದ್ದರು. ಅವನು ಹೊಲಿಯುವುದನ್ನು ಬಿಟ್ಟು, ಬೈದುಕೊಳ್ಳುತ್ತ, ನಮ್ಮ ಮನೆಗೆ ತಂದುಕೊಟ್ಟ.

ದೊಡ್ಡ ಬೆಕ್ಕಿನಷ್ಟೇ ಇತ್ತು ಅದು. ಬಿಳಿ ಮೈ, ಒಂದು ಕಿವಿ ಮಾತ್ರ ಕಂದು, ಗಡ್ಡ ಬಿಟ್ಟ ಮುದುಕನಂಥ ಮೋರೆ. ಬೇಸಿಗೆಯಲ್ಲಿ ಎರೆ ಹೊಲ ಬಾಯಿ ಬಿಟ್ಟಾಗ ಒಂದೊಂದು ಬಿರುಕಿಗೂ ಮೂತಿ ತೂರಿಸಿ, ಮೂಗು ಕರ್ರಗೆ ಮಾಡಿಕೊಂಡು ಬರುತ್ತಿತ್ತು. ಮಳೆ ಬಂದರೆ ನಾಲ್ಕು ಕಾಲಿಗೂ ಎರೆಮಣ್ಣಿನ ಮುದ್ದೆ. ಅವ್ವ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ನಾನು ಕಟ್ಟೆಯ ಮೇಲೆ ಕೂತು ಒಂದೊಂದೇ ಕಾಲು ತೊಳೆದು ಒಳಗೆ ಬಿಡುತ್ತಿದ್ದೆ. ಇಲಿ ಕಂಡರೆ ಮುಗಿಯಿತು, ಜೋಳದ ಕಣಕಿಯ ಬಣವೆಯನ್ನೇ ಉರುಳಿಸುವ ಹಟ ಅದಕ್ಕೆ. ತಂದ ದಿನ ಅಪ್ಪ, "ತಗೋ, ಇದು ನಿಂದು" ಎಂದು ನನ್ನ ಮಡಿಲಿಗೆ ಹಾಕಿದ್ದ. ಒಂಬತ್ತು ವರ್ಷದ ಹುಡುಗಿ ನಾನು, ನನಗೆ ನನ್ನದು ಅಂತ ಇದ್ದದ್ದು ಒಂದು ಪಾಟಿ ಮತ್ತು ಆ ನಾಯಿ. ಪಾಟಿಯೂ ಅಕ್ಕ ಬರೆದು ಬಿಟ್ಟದ್ದು.

ಇನ್ನು ಅಪ್ಪನ ಒಂದು ಚಟ ಹೇಳಬೇಕು. ಮನೆಗೆ ಬಂದವರು ಏನನ್ನಾದರೂ ಚಲೋ ಐತಿ ಅಂದರೆ ಸಾಕು, "ನಿಮ್ದ ಐತ್ರಿ, ಒಯ್ರಿ" ಅನ್ನುತ್ತಿದ್ದ. ನಮ್ಮ ಕಡೆ ಅದು ಮರ್ಯಾದೆಯ ಮಾತು, ಎಲ್ಲರೂ ಅನ್ನುವಂಥದ್ದು. ಬಂದವರು, "ಇರ್ಲಿ ಬಿಡ್ರಿ, ನಿಮ್ಮಲ್ಲಿದ್ರೇನು, ನಮ್ಮಲ್ಲಿದ್ರೇನು" ಅನ್ನಬೇಕು. ಅಲ್ಲಿಗೆ ಎರಡೂ ಕಡೆಯವರ ದೊಡ್ಡಸ್ತನ ಉಳಿಯುತ್ತದೆ, ವಸ್ತುವೂ ಇದ್ದಲ್ಲೇ ಉಳಿಯುತ್ತದೆ. ಹಾಗೆ ಅಪ್ಪ ಹಿತ್ತಾಳೆಯ ತಂಬಿಗೆ ಕೊಟ್ಟಿದ್ದ, ಗೋಡೆಯ ಗಡಿಯಾರ ಕೊಟ್ಟಿದ್ದ, ಈದ ಎಮ್ಮೆಯನ್ನೂ ಎರಡು ಸಲ ಕೊಟ್ಟಿದ್ದ. ಒಂದೂ ಮನೆ ಬಿಟ್ಟು ಕದಲಿರಲಿಲ್ಲ.

ಅಕ್ಕನನ್ನು ನೋಡಲು ಗಜೇಂದ್ರಗಡದಿಂದ ವರನ ತಂದೆ ಬಂದರು. ಜೋಳದ ವ್ಯಾಪಾರಸ್ಥರು, ದೊಡ್ಡ ರುಮಾಲಿನ ಮನುಷ್ಯ. ಅಕ್ಕ ಅವಲಕ್ಕಿಯ ತಾಟು ಹಿಡಿದು ತಲೆ ಬಗ್ಗಿಸಿ ನಿಂತಿದ್ದಾಳೆ, ಅಪ್ಪ ಅವಳ ಕಸೂತಿಯ ಗುಣಗಾನ ನಡೆಸಿದ್ದಾನೆ, ಅಷ್ಟರಲ್ಲಿ ನಮ್ಮ ಟೇಲರ ಹಿತ್ತಲಿನಿಂದ ಓಡಿ ಬಂದು, ಒಂದು ಹೆಗ್ಗಣವನ್ನು ಹಿರಿಯರ ಕಾಲ ಹತ್ತಿರ ಇಟ್ಟು, ಬಾಲ ಅಲ್ಲಾಡಿಸಿತು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅಕ್ಕನ ಕಣ್ಣಲ್ಲಿ ನೀರು. ಹಿರಿಯರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಭಾರಿ ಐತಲ್ರಿ ನಾಯಿ! ನಮ್ಮ ಜ್ವಾಳದ ಖೋಲ್ಯಾಗ ಇಂಥಾದೊಂದ ಇರಬೇಕ್ ನೋಡ್ರಿ."

"ನಿಮ್ದ ಐತ್ರಿ, ಒಯ್ರಿ" ಎಂದ ಅಪ್ಪ.

ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಮುಂದಿನ ಮಾತಿಗೆ ಕಾಯುತ್ತಿದ್ದೆ. ಅವ್ವ ನನ್ನ ರಟ್ಟೆ ಹಿಡಿದು ಎಳೆದು, "ಲಗೂ ಹೋಗಿ ಬಾಜೂ ಮನ್ಯಾಗ ಎಲಿ ಅಡಿಕಿ ಇಸ್ಕೊಂಡ ಬಾ" ಎಂದು ಹಿತ್ತಲ ಬಾಗಿಲಿಂದ ಹೊರಗೆ ಕಳಿಸಿದಳು. ಬರುವಷ್ಟರಲ್ಲಿ ಅಪ್ಪನ ಕೈಯಲ್ಲಿ ಹಗ್ಗವಿತ್ತು. ನಾಯಿ ಹೊರಸಿನ ಕೆಳಗೆ ಸೇರಿಕೊಂಡು ಯಾರಿಗೂ ಸಿಗದೆ ಗುರ್‌ ಅನ್ನುತ್ತಿತ್ತು.

"ತಂಗಿ, ನೀ ಕರದ್ರ ಬರತೈತಿ. ಕರಿ" ಅಂದ ಅಪ್ಪ ನನಗೆ.

ಹಿರಿಯರು ಇನ್ನೊಮ್ಮೆ ನೋಡಬೇಕೆಂದಿರಬೇಕು ಅಂದುಕೊಂಡು ಕರೆದೆ. ಬಂತು. ಎತ್ತಿ ಅಪ್ಪನ ಕೈಗೆ ಕೊಟ್ಟೆ. ಹಗ್ಗ ಬಿಗಿದ ಮೇಲೆಯೇ ನನಗೆ ತಿಳಿದದ್ದು. ಅತ್ತೆ, ನೆಲಕ್ಕೆ ಬಿದ್ದು ಅತ್ತೆ. ಬಂದವರ ಮುಂದೆ ಮಾನ ಕಳೀಬ್ಯಾಡ ಎಂದು ಅವ್ವ ನನ್ನನ್ನು ಒಳಗೆ ಹಾಕಿ ಕದ ಮುಚ್ಚಿದಳು. ಮೋಟಾರು ಸ್ಟ್ಯಾಂಡಿಗೆ ಹೋಗುವ ದಾರಿಯುದ್ದಕ್ಕೂ ಅದು ಒದರುವುದು ಒಳಗೆ ನನಗೆ ಕೇಳಿಸುತ್ತಿತ್ತು.

ರಾತ್ರಿ ಊಟ ಮಾಡಲಿಲ್ಲ. ಅಪ್ಪ ಪಕ್ಕದಲ್ಲಿ ಕೂತು ಬೆನ್ನು ಸವರಿದ. "ನಾ ಏನ್ ಮಾಡ್ಲಿ ಹೇಳವಾ? ಮಾತಿಗೆ ಅಂದ್ರ ಅವ್ರು ಖರೇನ ಒಯ್ದಬಿಟ್ರು. ತಿರುಗಿ ಕೊಡ್ರಿ ಅನ್ನಾಕ ಬರತೈತೇನು?" ಅವನ ಮೋರೆ ನೋಡಿ ನನಗೇ ಪಾಪ ಅನ್ನಿಸಿತು. ಸಿಟ್ಟೆಲ್ಲ ಗಜೇಂದ್ರಗಡದ ಕಡೆ ತಿರುಗಿತು. ಎಂಥ ಜನ! ಒಯ್ರಿ ಅಂದರೆ ಒಯ್ಯುವವರು! ಹದಿನೈದು ದಿನಕ್ಕೆ ಸಂಬಂಧ ಒಪ್ಪಿಗೆ ಎಂದು ಕಾಗದ ಬಂತು. ಮನೆಯಲ್ಲಿ ಸಕ್ಕರೆ ಹಂಚಿದರು. ನಾನು ನನ್ನ ಪಾಲಿನ ಸಕ್ಕರೆಯನ್ನು ಇರುವೆಗೆ ಹಾಕಿದೆ. ಮದುವೆಯಲ್ಲಿ ಎಲ್ಲರೂ ಬೀಗರ ಕಾಲಿಗೆ ಬಿದ್ದರೂ ನಾನು ಬೀಳಲಿಲ್ಲ. ಬೆನ್ನಿಗೆ ಅವ್ವನ ಗುದ್ದು ಬಿತ್ತು, ಆದರೂ ಬಗ್ಗಲಿಲ್ಲ. ಆಸೆಬುರುಕ ಮನುಷ್ಯ, ಪರರ ವಸ್ತು ಕಂಡರೆ ಜೊಲ್ಲು ಸುರಿಸುವವ ಎಂದು ಓಣಿಯ ಹುಡುಗಿಯರ ಮುಂದೆಲ್ಲ ಅವರನ್ನು ಆಡಿಕೊಂಡೆ.

ಮುಂದಿನ ಪಂಚಮಿಗೆ ಅಕ್ಕನನ್ನು ತವರಿಗೆ ಕರೆತರಲು ಅಪ್ಪ ಹೊರಟ. ನಾನೂ ಬರುತ್ತೇನೆಂದು ಹಟ ಹಿಡಿದೆ. ಅಕ್ಕನಿಗಾಗಿ ಅಲ್ಲ, ಅದು ಅಕ್ಕನಿಗೂ ಗೊತ್ತಿತ್ತು. ಬೀಗರ ಪಡಸಾಲೆಗೆ ಕಾಲಿಟ್ಟದ್ದೇ ತಡ, ಜೋಳದ ಚೀಲಗಳ ಸಂದಿಯಿಂದ ನಾಯಿ ಬಾಣದ ಹಾಗೆ ಬಂದು ನನ್ನ ಮೈಮೇಲೆ ಹಾರಿತು. ಮೋರೆ, ಕಿವಿ, ಕೈ ಎಲ್ಲ ನೆಕ್ಕಿತು. ಕೊನೆಗೆ ಪಾದಗಳ ಮೇಲೆ ಮಲಗಿಬಿಟ್ಟಿತು. ಮೈತುಂಬಿಕೊಂಡಿತ್ತು. ಚಲೋ ನೋಡಿಕೊಂಡಿದ್ದರು, ಸುಳ್ಳು ಯಾಕೆ ಹೇಳಲಿ.

ಚಹಾ ಬಂತು. ಬೀಗರು ಇದನ್ನೆಲ್ಲ ನೋಡುತ್ತ ಕೂತಿದ್ದರು.

"ಅಲ್ರೀ ಮಾಸ್ತರ, ಹುಡುಗಿ ಮ್ಯಾಲ ಎಷ್ಟ ಜೀವ ಐತಿ ನೋಡ್ರಿ ಇದರದು! ಅವತ್ತ ನಾ ಹೇಳಿದ್ನಿಲ್ಲ? ಹುಡುಗಿ ಹಚ್ಕೊಂಡಿರತಾಳ, ಇರ್ಲಿ ಬಿಡ್ರಿ ಅಂತ ಒಮ್ಮಿ ಅಲ್ಲ, ಮೂರ್ ಸಲ ಅಂದೆ. ನೀವ ಕೇಳ್ಲಿಲ್ಲ. ಅಕೀಗೂ ಬ್ಯಾಸರಾಗೈತ್ರಿ, ಎಲ್ಲ್ಯರೆ ಬಿಟ್ಟ ಬರ್ರಿ ಅಂತ ದಿನಾ ಗಂಟ ಬಿದ್ದಾಳ ಅಂದ್ರಿ." ಆಮೇಲೆ ನನ್ನ ಕಡೆ ತಿರುಗಿದರು. "ಹೌದೇನವಾ ತಂಗಿ? ಇಷ್ಟ ಚಲೋ ನಾಯಿ ನಿನಗ ಬ್ಯಾಸರಾಗಿತ್ತೇನು?"

ಅಪ್ಪ ಬಸಿಯಲ್ಲಿದ್ದ ಚಹಾವನ್ನು ಊದುತ್ತ ಕೂತ. ಆರಿದ ಚಹಾ ಅದು. ಒಂದು ವರ್ಷ ನಾನು ಬೈದದ್ದು ಯಾರನ್ನು? ಬ್ಯಾಡ ಅಂದವರನ್ನು ಬೈದಿದ್ದೆ. ನನ್ನದೇ ಹೆಸರು ಹೇಳಿ ನನ್ನ ನಾಯಿಯನ್ನು ದಾಟಿಸಿದವನ ಕೈಯಿಂದ ಬೆನ್ನು ಸವರಿಸಿಕೊಂಡಿದ್ದೆ. ಇಲ್ರಿ, ಸುಳ್ಳು ಎಂದು ಒದರಬೇಕೆನ್ನಿಸಿತು. ಅಡಿಗೆಮನೆಯ ಬಾಗಿಲಲ್ಲಿ ಅಕ್ಕ ಗಂಟು ಕಟ್ಟಿಕೊಂಡು ನಿಂತಿದ್ದಳು. ಪಂಚಮಿ ಮುಗಿಸಿ ಅವಳು ತಿರುಗಿ ಇದೇ ಮನೆಗೆ ಬರಬೇಕು, ಇದೇ ಜನರ ನಡುವೆ ಬಾಳಬೇಕು. ಅವಳು ನನ್ನನ್ನೇ ನೋಡುತ್ತಿದ್ದಳು.

"ಹೌದ್ರಿ" ಅಂದೆ. "ಬ್ಯಾಸರಾಗಿತ್ತು."

ನಾಯಿ ನನ್ನ ಪಾದಗಳ ಮೇಲಿಂದ ಏಳಲಿಲ್ಲ. ಅಪ್ಪ ಆಗ ತಲೆ ಎತ್ತಿ, ನಗುತ್ತ ಬೀಗರಿಗೆ ಹೇಳಿದ: "ಭಾಳ ಶಾಣ್ಯಾಕಿ ಅದಾಳ್ರಿ ನಮ್ಮಾಕಿ. ಖರೇ ಇದ್ದದ್ದನ್ನ ಹೇಳತಾಳ."