ಗೋದಾ ಟೀಚರ್ ಮತ್ತೆ ಕತ್ತು ತಿರುಗಿಸಿದ್ದು

ಅರಸೀಕೆರೆಯಲ್ಲಿ ಭರತನಾಟ್ಯವೆಂದರೆ ಗೋದಾ ಟೀಚರ್. ಅವರ ಮನೆಯ ಹಜಾರದಲ್ಲಿ ಕುಣಿದ ಹುಡುಗಿಯರು ಈಗ ತಮ್ಮ ಮಕ್ಕಳನ್ನು ಕರೆತಂದು ಬಿಡುತ್ತಾರೆ. ವಯಸ್ಸಿಗೆ ಮಂಡಿ ಸೋತಿತ್ತು, ಸೊಂಟ ಹಿಡಿದಿತ್ತು. ಕತ್ತು ಮಾತ್ರ ಹೇಳಿದ ಹಾಗೆ ಕೇಳುತ್ತಿತ್ತು.

ಕಳೆದ ಮಾಘದಲ್ಲಿ ಹಳೇಬೀಡಿನ ನೆಂಟರ ಮನೆಯ ಮುಂಜಿ ಮುಗಿಸಿ ಗಂಡ ರಘುರಾಮ್ ಜೊತೆ ಕಾರಿನಲ್ಲಿ ಬರುತ್ತಿದ್ದರು. ಜಾವಗಲ್ ದಾಟಿ ರಸ್ತೆಯುಬ್ಬಿನ ಹತ್ತಿರ ಕಾರು ನಿಧಾನಿಸಿತು. ಹಿಂದಿನ ತೆಂಗಿನಕಾಯಿ ಲಾರಿ ನಿಧಾನಿಸಲಿಲ್ಲ. ಗೋದಾ ಅವರ ತಲೆ ರಪ್ಪನೆ ಹಿಂದಕ್ಕೆ ಹೋಗಿ ಮುಂದಕ್ಕೆ ಬಂತು. ರಕ್ತವಿಲ್ಲ, ಗಾಯವಿಲ್ಲ.

"ನಂಗೇನೂ ಆಗಿಲ್ಲ ಕಣ್ರೀ. ಕಾರು ನೋಡಿ" ಎಂದರು.

ಮರುದಿನ ದಿಂಬಿನಿಂದ ತಲೆ ಎತ್ತಲಾಗಲಿಲ್ಲ. ಡಾಕ್ಟರು ಕೈ ಜೋಮು ಹಿಡಿಯುತ್ತದೆಯೇ ಎಂದು ಕೇಳಿ ಎಕ್ಸ್‌ರೇ ತೆಗೆಸಿದರು. ಮೂಳೆ ಸರಿಯಿತ್ತು.

"ತಲೆ ಜಾಡಿಸಿದ ರಭಸಕ್ಕೆ ಕತ್ತಿನ ಸ್ನಾಯುಗಳು ಜಗ್ಗಿವೆ. ಅದು ಮೊದಲ ದಿನ ಗೊತ್ತಾಗಲ್ಲ. ಕತ್ತಿಗೆ ಈ ಕಾಲರ್ ಪಟ್ಟಿ ಒಂದೆರಡು ದಿನ ಸಾಕು, ಆಮೇಲೆ ಮೆಲ್ಲಗೆ ಆಡಿಸಿ."

ಆಡಿಸಿದರೆ ಏನಾದರೂ ಕಿತ್ತುಹೋದೀತೆಂದು ಗೋದಾ ಹೆದರಿದರು. ಯುಗಾದಿ ಕಳೆದರೂ ಕಾಲರ್ ಕತ್ತಿನಲ್ಲೇ ಇತ್ತು, ಹಜಾರ ಖಾಲಿ ಬಿದ್ದಿತ್ತು.

ಸುಮ್ಮನೆ ಕೂತಾಗಲೆಲ್ಲ ಬೇಲೂರು ನೆನಪಾಗುತ್ತಿತ್ತು. ಮನೆಯಲ್ಲಿ ಎಲ್ಲರೂ ಅಣ್ಣ ಎಂದೇ ಕರೆಯುತ್ತಿದ್ದ ಅಪ್ಪ ಸುಬ್ಬರಾಮಯ್ಯ ಅಲ್ಲಿ ಮೇಷ್ಟ್ರಾಗಿದ್ದರು. ಸಂಜೆ ಮಗಳನ್ನು ದೇವಸ್ಥಾನಕ್ಕೆ ಕರೆದೊಯ್ದು ಮದನಿಕೆಯರನ್ನು ತೋರಿಸುತ್ತಿದ್ದರು. ಕಾದ ಕಲ್ಲುಹಾಸಿನ ಮೇಲೆ ಕಾಲು ಬದಲಿಸುತ್ತ, ಆ ಶಿಲಾಬಾಲಿಕೆಯರಂತೆಯೇ ಕತ್ತು ಓರೆ ಮಾಡಿ, "ಸರಿಯಾಯ್ತಾ ಅಣ್ಣ?" ಎಂದು ಪುಟ್ಟ ಗೋದಾ ಕೇಳುತ್ತಿದ್ದಳು. ಅಪ್ಪ ಕಡಲೆಪುರಿ ಬಾಯಿಗೆ ಹಾಕಿಕೊಂಡು, ಮೇಲೊಮ್ಮೆ ಕೆಳಗೊಮ್ಮೆ ನೋಡಿ, ಬಹಳ ಹೊತ್ತು ಯೋಚಿಸಿ ತಲೆಯಾಡಿಸುತ್ತಿದ್ದರು. ಮನೆಗೆ ಬಂದರೆ ಕತ್ತು ನೋವು. ಅಮ್ಮ ಬೆಚ್ಚಗೆ ಕೊಬ್ಬರಿ ಎಣ್ಣೆ ತಿಕ್ಕಿದರೆ ಬೆಳಗಾಗುವಷ್ಟರಲ್ಲಿ ಮಾಯ.

ಕೊನೆಗೆ ರಘುರಾಮ್ ಒತ್ತಾಯ ಮಾಡಿ ಫಿಸಿಯೋಥೆರಪಿಗೆ ಕರೆದೊಯ್ದರು. ಅಲ್ಲಿದ್ದ ಆಶಾರಾಣಿ ಮೊದಲು ಕಾಲರ್ ಬಿಚ್ಚಿ ಪಕ್ಕಕ್ಕಿಟ್ಟಳು.

"ಇದರೊಳಗಿದ್ದೂ ಇದ್ದೂ ಕತ್ತಿಗೆ ಶಕ್ತಿನೇ ಹೋಗಿದೆ ಆಂಟಿ. ಸ್ವಲ್ಪ ನೋವಾದ್ರೆ ಹಾಳಾಗ್ತಿದೆ ಅಂತಲ್ಲ. ಬಂದಷ್ಟೇ ತಿರುಗಿಸಿ."

ಕತ್ತು ಒಂಚೂರು ತಿರುಗಿ ನಿಂತುಬಿಟ್ಟಿತು. ಗೋದಾ ಕಣ್ಣಲ್ಲಿ ನೀರು. "ಜೀವನವೆಲ್ಲ ಇದನ್ನೇ ಕಲಿಸಿದೀನಮ್ಮ."

"ಹೊಸ ಮಕ್ಕಳಿಗೆ ಹೇಗೆ ಶುರು ಮಾಡಿಸ್ತೀರಿ?"

"ಮೊದ್ಲು ಕಣ್ಣು. ಕಣ್ಣು ಹೋದ ಕಡೆ ಕತ್ತು."

"ಹಾಗೇ ಮಾಡಿ ಮತ್ತೆ."

ಗೋದಾ ಕಣ್ಣನ್ನು ಕಿಟಕಿಯತ್ತ ಹೊರಳಿಸಿದರು. ಕತ್ತು ನಿಧಾನವಾಗಿ ಹಿಂಬಾಲಿಸಿತು.

ದಿನಾ ಬಿಸಿನೀರಿನ ಶಾಖ, ದಿನಾ ಅಭ್ಯಾಸ. ಆಷಾಢದಲ್ಲಿ ಹಜಾರದಲ್ಲಿ ಮತ್ತೆ ಗೆಜ್ಜೆ ಸದ್ದು ಕೇಳಿತು. ಎಡಕ್ಕೆ ಕತ್ತು ಪೂರ್ತಿ ಬರುವುದಿಲ್ಲ. ಥಂಡಿ ಹೆಚ್ಚಾದ ದಿನ ಬಿಗಿಯುತ್ತದೆ. ಕತ್ತಿನ ಚಲನೆ ತೋರಿಸಲು ದೊಡ್ಡ ತರಗತಿಯ ಮೇದಿನಿಯನ್ನು ಮುಂದೆ ನಿಲ್ಲಿಸಿದರು.

"ಟೀಚರ್, ನೀವೊಂದ್ಸಲ ಮಾಡಿ" ಎಂದಳು ಅವಳು.

ಗೋದಾ ಮಾಡಿದರು, ಸಣ್ಣದಾಗಿ. "ಇವತ್ತಿಗೆ ಇಷ್ಟೇ ಕಣೇ" ಎಂದು ನಕ್ಕು, ಕೋಲು ತಟ್ಟಿ ತಾಳ ಶುರು ಮಾಡಿದರು.