ಮೊದಲು ನೀರು, ಆಮೇಲೆ ಸುದ್ದಿ

ಮಧ್ಯಾಹ್ನ ಕೋಫಿಯ ಫೋನ್ ಬಂತು. "ಅಂಕಲ್, ರಿಚ್ಮಂಡ್ ದಾಟಿದೀನಿ, ನಿಮ್ಮ ಕಡೆಗೇ ಬರ್ತಿದೀನಿ. ಮನೇಲೇ ಇರ್ತೀರಲ್ವಾ?" ಅವನು ಆಡುವುದು ಇಂಗ್ಲಿಷ್, ನನ್ನ ಕಿವಿಗೆ ಕೇಳಿಸಿದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇರುತ್ತೇನೆ ಎಂದೆ. ಅವನು ಹೆಚ್ಚೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಾಗಿಲ ಹತ್ತಿರದ ಹಿತ್ತಾಳೆ ಲೋಟವನ್ನು ಅಡುಗೆಮನೆಗೆ ಒಯ್ದು ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದೆ. ಹುಳಿವಾಸನೆ ಮೂಗಿಗೆ ಬಡಿದದ್ದೇ ತಡ, ಅವನ ತಂದೆ ನಾನಾ ಕ್ವಾಬೆನಾ ಕಣ್ಣಮುಂದೆ ಬಂದು ಕುಳಿತರು.

ಕೇಳದೆ ಸುಮ್ಮನಿದ್ದದ್ದು ನನ್ನಂಥವನಿಗೆ ಸಣ್ಣ ಸಾಧನೆಯಲ್ಲ. ಮಂಗಳೂರಿನ ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುವ ಡೆಸ್ಕಿನಲ್ಲಿ ಅರ್ಧ ಆಯುಷ್ಯ ಕಳೆದು, ಹೆಂಡತಿ ಲಲಿತಾಳ ಕೆಲಸದ ಬೆನ್ನಿಗೆ ಅಮೆರಿಕದ ಹರ್ನ್‌ಡನ್‌ಗೆ ಬಂದವನು ನಾನು. ಮುಖ್ಯ ವಿಷಯ ಮೊದಲ ವಾಕ್ಯದಲ್ಲೇ ಬರಬೇಕು ಎಂಬುದು ನಮ್ಮ ಡೆಸ್ಕಿನ ವೇದ. ಅದನ್ನು ಮನೆಗೂ ತಂದಿದ್ದೆ. ನೆಂಟರು ಬಾಗಿಲಲ್ಲಿ ಕಂಡರೆ "ಏನು ವಿಷಯ?" ಎನ್ನುತ್ತಿದ್ದೆ. "ರೀ, ಅವರು ಶೂಸ್ ಆದ್ರೂ ಬಿಚ್ಲಿ. ಇದೇನು ಪ್ರೆಸ್‌ಮೀಟಾ?" ಎಂದು ಲಲಿತಾ ಒಳಗಿನಿಂದ ಕೂಗುತ್ತಿದ್ದಳು.

ನಾನಾ ನಮ್ಮ ಪಕ್ಕದ ಟೌನ್‌ಹೌಸಿನವರು. ನಾನಾ ಎಂಬುದು ಅವರಲ್ಲಿ ಹಿರಿಯರಿಗೂ ಅರಸರಿಗೂ ಸಲ್ಲುವ ಮರ್ಯಾದೆಯ ಮಾತು. ಘಾನಾ ದೇಶದೊಳಗೆ ಅಸಾಂಟೆ ಎಂಬ ಹಳೆಯ ರಾಜ್ಯವಿದೆ. ಕುಮಾಸಿಯ ಅರಮನೆಯಲ್ಲಿ ಇಂದಿಗೂ ಅರಸರು ದರ್ಬಾರು ನಡೆಸುತ್ತಾರೆ. ಹೊರದೇಶಕ್ಕೆ ಬಂದ ಅಸಾಂಟೆ ಜನ ತಾವಿರುವ ಊರಿನ ಮಟ್ಟಿಗೆ ಒಬ್ಬ ಮುಖ್ಯಸ್ಥನನ್ನು ಆರಿಸಿಕೊಳ್ಳುತ್ತಾರೆ. ನಮ್ಮ ಕಡೆ ಆ ಗೌರವ ನಾನಾರದಾಗಿತ್ತು. ವಾರವೆಲ್ಲ ವಿಮಾ ಕಂಪನಿಯ ಅಕೌಂಟೆಂಟ್. ಕೆಲವು ಶನಿವಾರ ಬಾಡಿಗೆ ಹಾಲ್‌ನಲ್ಲಿ, ಬಣ್ಣಬಣ್ಣದ ಕೆಂಟೆ ಬಟ್ಟೆ ಹೊದ್ದು, ದೊಡ್ಡ ಛತ್ರಿಯ ಕೆಳಗೆ ಕೂರುವ ದೊರೆ. ಅವರೊಡನೆ ಆಗ ಯಾರೂ ನೇರ ಮಾತಾಡುವಂತಿಲ್ಲ. ಪಕ್ಕದಲ್ಲಿ ಚಿನ್ನದ ಬಣ್ಣದ ಕೋಲು ಹಿಡಿದ ಮಾತುಗಾರನೊಬ್ಬ ನಿಲ್ಲುತ್ತಾನೆ. ಜನರ ಮಾತನ್ನು ತಿದ್ದಿ, ಒಪ್ಪವಾಗಿಸಿ ಮುಟ್ಟಿಸುವುದು ಅವನ ಕೆಲಸ. ಕೋಲಿನ ತುದಿಯಲ್ಲಿ ಮೊಟ್ಟೆ ಹಿಡಿದ ಕೈ. ಬಿಗಿ ಹಿಡಿದರೆ ಒಡೆಯುತ್ತದೆ, ಸಡಿಲ ಬಿಟ್ಟರೆ ಬೀಳುತ್ತದೆ, ಅಧಿಕಾರವೂ ಹಾಗೆ ಎಂದು ಅರ್ಥ. ಆ ಕೋಲು ಮಾತ್ರ ಅವರ ಮಿನಿವ್ಯಾನಿನಲ್ಲಿ ಹಿಡಿಸುತ್ತಿರಲಿಲ್ಲ. ಕಿಟಕಿಯಿಂದ ಮೊಟ್ಟೆ ಹೊರಗೆ ಚಾಚಿಕೊಂಡೇ ಟೋಲ್ ರೋಡ್ ಮೇಲೆ ಸವಾರಿ ಹೊರಡುತ್ತಿತ್ತು.

"ಪೇಪರಿನಲ್ಲಿ ನೀನೂ ಆ ಮಾತುಗಾರನ ಕೆಲಸವೇ ಮಾಡ್ತಿದ್ದೆ. ನಿಂಗೆ ಕೋಲು ಕೊಡಲಿಲ್ಲ, ಅಷ್ಟೆ," ಎಂದಿದ್ದರು ನಾನಾ ಒಮ್ಮೆ.

ಮೊದಲ ಸಲ ಅವರ ಮನೆಗೆ ಹೋದಾಗ ನಾನು ಹೊಸ್ತಿಲಲ್ಲೇ ಪಾರ್ಕಿಂಗ್ ವಿಷಯ ಎತ್ತಿದ್ದೆ. ಅವರು ಕೇಳಿಸಿಕೊಳ್ಳದವರಂತೆ ಕುರ್ಚಿ ತೋರಿಸಿ, ನೀರು ತಂದಿಟ್ಟು, ನಾನು ಕುಡಿಯುವವರೆಗೆ ಕಾದು, ಎದುರು ಕುಳಿತು ಹೇಳಿದರು: "ಇಲ್ಲಿ ಎಲ್ಲ ತಂಪಾಗಿದೆ. ದಾರಿ ನಡೆದು ಬಂದವನು ನೀನು. ಹೇಳು." ಅದು ಅವರ ಪದ್ಧತಿ. ಅರಮನೆಯಿರಲಿ, ಗುಡಿಸಲಿರಲಿ, ಬಂದವನಿಗೆ ಮೊದಲು ನೀರು, ಆಮೇಲೆ ಸುದ್ದಿಯ ಪ್ರಶ್ನೆ. ಬಂದವನೂ ದಾರಿಯಿಂದ ಶುರುಮಾಡಿ ನಿಧಾನವಾಗಿ ವಿಷಯಕ್ಕೆ ಬರಬೇಕು. ನನಗೆ ನನ್ನಜ್ಜಿಯ ಬೆಲ್ಲ-ನೀರು ನೆನಪಾಯಿತು. ಬಿಸಿಲಲ್ಲಿ ಬಂದವರು ಬೆಲ್ಲ ಕಚ್ಚಿ, ನೀರು ಕುಡಿದು, ಬಾಯಿ ಒರೆಸಿಕೊಳ್ಳುವ ತನಕ ಅಜ್ಜಿ ಏನನ್ನೂ ಕೇಳುತ್ತಿರಲಿಲ್ಲ. ಅಂಥ ಅಜ್ಜಿಯ ಮೊಮ್ಮಗ ನಾನು ಹೀಗಾದೆ.

ಕುಮಾಸಿಯಲ್ಲಿ ನಾನಾರಿಗೆ ಒಬ್ಬ ಅಕ್ಕ ಇದ್ದರು. ಅಸಾಂಟೆಗಳಲ್ಲಿ ಮನೆತನ ಹರಿಯುವುದು ಹೆಣ್ಣಿನ ಕಡೆಯಿಂದ. ಆಸ್ತಿ, ಪೀಠ ಎಲ್ಲ ಅಕ್ಕತಂಗಿಯರ ಮಕ್ಕಳಿಗೆ. ಅಳಿಯಸಂತಾನದ ಊರಿನಿಂದ ಬಂದ ನನಗೆ ಇದನ್ನು ಯಾರೂ ವಿವರಿಸಬೇಕಿರಲಿಲ್ಲ. ಅಕ್ಕನೆಂದರೆ ಅವರ ಮನೆಯ ಬೇರು. ಎರಡು ಸಾವಿರದ ಇಪ್ಪತ್ತರಲ್ಲಿ ಕೊರೋನಾ ಬಂದು ವಿಮಾನಗಳು ನಿಂತವು; ಅದೇ ಹೊತ್ತಿಗೆ ಅಕ್ಕ ಹಾಸಿಗೆ ಹಿಡಿದರು. ಬೇಲಿಯ ಆಚೆ ನಿಂತು ನಾನಾ ಹೇಳಿದ್ದರು: "ಸಾಯೋದು ಇದ್ದದ್ದೇ. ಆದರೆ ಆ ಸುದ್ದಿ ನನಗೆ ಯಾರಾದರೂ ತರಬೇಕು. ಕುಳಿತು, ನೀರು ಕುಡಿದು ಹೇಳಬೇಕು."

ಅಕ್ಕ ತೀರಿಕೊಂಡ ಸುದ್ದಿ ಬಂದದ್ದು ವಾಟ್ಸಾಪಿನಲ್ಲಿ. ದಕ್ಷಿಣದ ಜಾರ್ಜಿಯಾ ರಾಜ್ಯದ ಸುವಾನಿಯಲ್ಲಿದ್ದ ಮಗ ಕೋಫಿ, ಊರಿನ ಸಂಬಂಧಿಕರು ಹಾಕಿದ ಸಂದೇಶವನ್ನು ಹಾಗೇ ತಂದೆಗೆ ಫಾರ್ವರ್ಡ್ ಮಾಡಿದ್ದ. ಕೊನೆಯಲ್ಲಿ ಕೈ ಮುಗಿದ ಚಿತ್ರ. ನಾನಾ ಅಡುಗೆಮನೆಯಲ್ಲಿ ಒಬ್ಬರೇ ಬಟಾಣಿ ಬೇಯಿಸುತ್ತಿದ್ದರಂತೆ.

ಮರುದಿನ ವಿಷಯ ತಿಳಿದು ನಾನು ಹೊರಟೆ. "ಮಾಸ್ಕ್ ಹಾಕ್ಕೊಳ್ಳಿ. ಹೋದ ತಕ್ಷಣ ಕ್ವೆಶ್ಚನ್ ಕೇಳ್ಬೇಡಿ," ಎಂದಳು ಲಲಿತಾ. ನಾನಾ ಮನೆಯ ಮುಂದಿನ ಪೋರ್ಚಿನಲ್ಲಿ, ಕೆಂಪು-ಕಪ್ಪು ಶೋಕದ ಬಟ್ಟೆಯನ್ನು ಎಡಹೆಗಲಿಗೆ ಹೊದ್ದು ಕುಳಿತಿದ್ದರು. ಸುತ್ತ ನೂರಾರು ಜನ, ಡೋಲು, ಬಾಯಿಬಿಟ್ಟ ಅಳು ಇರಬೇಕಾಗಿದ್ದಲ್ಲಿ ಒಂದು ಅಳಿಲು ಇತ್ತು.

"ಸುದ್ದಿ ಬಂತು," ಎಂದರು. "ಯಾರೂ ಬರಲಿಲ್ಲ."

ಆಮೇಲೆ ರಸ್ತೆಯತ್ತ ಕೈ ತೋರಿಸಿದರು. "ವಾಪಸ್ ಹೋಗು. ಮತ್ತೆ ಬಾ. ಈ ಸಲ ಸುದ್ದಿ ತಗೊಂಡು ಬಾ."

ಹೋದೆ. ಫುಟ್‌ಪಾತಿನ ತನಕ ನಡೆದು ತಿರುಗಿ ಬಂದೆ. ಅವರು ಮೆಟ್ಟಿಲ ಮೇಲೆ ನೀರಿಟ್ಟು ಹಿಂದೆ ಸರಿದರು. ಮಾಸ್ಕ್ ಕೆಳಗಿಳಿಸಿ ಕುಡಿದೆ. "ಇಲ್ಲಿ ಎಲ್ಲ ತಂಪಾಗಿದೆ," ಎಂದರು. "ದಾರಿ ನಡೆದವನು ನೀನು. ಹೇಳು."

ಎಷ್ಟೋ ಮಂದಿಯ ಸಾವನ್ನು ಒಂದೇ ವಾಕ್ಯಕ್ಕೆ ಇಳಿಸಿದ್ದ ನನಗೆ ಮೊದಲ ವಾಕ್ಯ ಸಿಗಲಿಲ್ಲ. ಹಾಗಾಗಿ ದಾರಿಯಿಂದ ಶುರುಮಾಡಿದೆ. ಲಲಿತಾ ಕಳಿಸಿದಳು ಎಂದೆ. ಬೇಲಿಯ ಹತ್ತಿರ ನಿಮ್ಮ ಗುಲಾಬಿಗೆ ಮೊಗ್ಗು ಬಂದಿದೆ, ಪೋಸ್ಟ್‌ವ್ಯಾನು ದಾಟಿ ಹೋಯಿತು, ಅಳಿಲು ಅಡ್ಡ ಬಂತು ಎಂದೆ. "ಅಳಿಲು ಎಡದಿಂದಲೋ ಬಲದಿಂದಲೋ?" ಎಂದು ಅವರು ಕೇಳಿದರು, ಇಬ್ಬರಿಗೂ ನಗು ಬಂತು. ಆ ನಗುವಿನ ಹಿಂದೆಯೇ ಹೇಳಿದೆ: "ಕುಮಾಸಿಯಿಂದ ಸುದ್ದಿ ಇದೆ ನಾನಾ. ನಿಮ್ಮ ಅಕ್ಕ ಹೊರಟುಹೋದರು."

ಆಗ ಅವರು ಅತ್ತರು. ಹಿಂದಿನ ದಿನದಿಂದ ಅತ್ತಿರಲಿಲ್ಲವಂತೆ.

ಸಂಜೆ ನಾನಾ ಮಗನಿಗೆ ಫೋನಿನಲ್ಲಿ ಹೇಳುತ್ತಿದ್ದುದು ಬೇಲಿಯ ಈಚೆ ನನಗೂ ಕೇಳಿಸಿತು: "ಈ ಪೇಪರಿನವನು ಕಲಿತ. ನೀನು ಯಾವಾಗ ಕಲಿಯೋದು, ಅಮೆರಿಕನ್?"

ಕೆಲವು ವರ್ಷಗಳ ಮೇಲೆ ಮೊಣಕಾಲು ಸೋತು ಅವರು ಸುವಾನಿಗೆ, ಮಗನ ಮನೆಗೆ ಹೋದರು. ಹೊರಡುವ ದಿನ ಅಜ್ಜಿಯ ಹಿತ್ತಾಳೆ ಲೋಟದಲ್ಲಿ ನೀರು ಕೊಟ್ಟೆ. "ಇದನ್ನು ಬಾಗಿಲ ಹತ್ತಿರವೇ ಇಟ್ಟಿರು," ಎಂದರು. ಅಂದಿನಿಂದ ಅದು ಅಲ್ಲಿದೆ. ಈಚೆಗೆ ಅವರು ಆಸ್ಪತ್ರೆ ಸೇರಿದ್ದು ನಮಗೆ ಗೊತ್ತಿತ್ತು. ಸುವಾನಿಯಿಂದ ಇಲ್ಲಿಗೆ ಇಡೀ ದಿನದ ಡ್ರೈವ್. ಫೋನಿನಲ್ಲಿ ಹೇಳಿದ್ದರೆ ಒಂದು ನಿಮಿಷ.

ಕೋಫಿಯ ಕಾರು ನಿಂತಾಗ ಬಿಸಿಲು ಇಳಿಯುತ್ತಿತ್ತು. ಕಪ್ಪು ಅಂಗಿ ತೊಟ್ಟಿದ್ದ. "ಕೋಫಿ, ನಾನಾ ಹೇಗೆ…" ಎಂದು ಶುರುಮಾಡಿದ ಲಲಿತಾ ನನ್ನ ಮುಖ ನೋಡಿ ಕುರ್ಚಿ ಎಳೆದು ಕೊಟ್ಟಳು. ನಾನು ಲೋಟ ತುಂಬಿಸಿ, ಪಕ್ಕದಲ್ಲಿ ಬೆಲ್ಲದ ಚೂರು ಇಟ್ಟೆ. ಅವನು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಕುಡಿದ.

"ಇಲ್ಲಿ ಎಲ್ಲ ತಂಪಾಗಿದೆ," ಎಂದೆ. "ದಾರಿ ನಡೆದು ಬಂದವನು ನೀನು. ಹೇಳಪ್ಪಾ."

ಅವನು ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡ.

"ನಸುಕಲ್ಲೇ ಬಿಟ್ಟೆ ಅಂಕಲ್," ಎಂದ. "ಶಾರ್ಲಟ್ ಹತ್ತಿರ ಸ್ವಲ್ಪ ಮಂಜಿತ್ತು…"

ನಾನು ಅವಸರ ಮಾಡಲಿಲ್ಲ.